ಕೊನೆ ಲೋಡಿನ ಆರು ಡಬ್ಬ

ಯುಗಾದಿ ಕಳೆದು ಹದಿನೈದು ದಿನಕ್ಕೆ ಸೀತಾರಾಮನ ಫೋನು ಬಂತು. ಬೆಳಗಿನ ತಿಂಡಿಯ ಹೊತ್ತು. ಮದರಾಸಿನ ಪುರಸೈವಾಕ್ಕಂನ ಮೂರನೇ ಮಹಡಿಯ ಮನೆಯಲ್ಲಿ, ಹಾಲಿನ ಗೋಡೆಗೆ ಹಾಕಿದ್ದ ಮಂಚದ ಪಕ್ಕ ಕೂತು, ಕೃಷ್ಣಮೂರ್ತಿ ತನ್ನ ತಾಯಿ ಚಿಕ್ಕತಾಯಮ್ಮನಿಗೆ ಇಡ್ಲಿಯನ್ನು ಸಾಂಬಾರಿನಲ್ಲಿ ಕಿವುಚಿ ಕೊಡುತ್ತಿದ್ದ. ಫೋನಿನಲ್ಲಿ ಅಣ್ಣನ ಹೆಸರು ಕಂಡು ಕೈ ಹಾಗೇ ನಿಂತಿತು. ನಾಲ್ಕು ವರ್ಷದಿಂದ ಆ ಹೆಸರು ಅಲ್ಲಿ ಮೂಡಿರಲಿಲ್ಲ.

"ನಾನು ಕಣ್ಲಾ ಕಿಟ್ಟ. ಅವ್ವ ಹೆಂಗವ್ಳೆ?"

"ಅವ್ಳೆ ಅಣ್ಣ. ಇಡ್ಲಿ ತಿಂತಾವ್ಳೆ."

"ಕಾರಹುಣ್ಣಿಮೆ ಕಳೆದ ಮೇಲೆ ಒಂದಪ ಬಂದು ನೋಡ್ಕೊಂಡು ಹೋಗವಾ ಅಂತ."

"ಬಾ ಅಣ್ಣ. ಸ್ಟೇಷನ್ನಿಗೆ ಅಭಿಲಾಷ್ ಬತ್ತಾನೆ."

ಸೀತಾರಾಮ ಕೇಳಿದ, "ಆ ಡಬ್ಬ ಇನ್ನೂ ಮಡಗಿದೀಯಾ?"

"ಆರೂ ಅವೆ. ಒಂದೂ ಒಡೆದಿಲ್ಲ."

"ಅಂಗಾದ್ರೆ ಬಂದಾಗ ಒಂದು ಗುಟುಕು ನೋಡವಾ. ಅಪ್ಪ ನೆಟ್ಟ ಬಳ್ಳಿ ಹೆಂಗಿತ್ತು ಅಂತ ನಾಲಿಗೆಗಾದ್ರೂ ಗೊತ್ತಾಗ್ಲಿ."

ಫೋನಿಟ್ಟ ಮೇಲೆ ಕೃಷ್ಣಮೂರ್ತಿ ಉಳಿದ ಅರ್ಧ ಇಡ್ಲಿಯನ್ನು ತಾಯಿಗೆ ಕೊಡುವ ಬದಲು ತಾನೇ ಬಾಯಿಗೆ ಹಾಕಿಕೊಂಡ. ಚಿಕ್ಕತಾಯಮ್ಮ ನೋಡಿಯೇ ಇದ್ದಳು. "ತಿನ್ನು. ಅಣ್ಣ ಮಾತಾಡ್ದ ಅಂತ ನನ್ನ ಇಡ್ಲಿನೂ ತಿನ್ನು," ಅಂದಳು.

ದೊಡ್ಡಬಳ್ಳಾಪುರದ ಆಚೆ ಅವರಿಗೆ ಎರಡು ಎಕರೆ ದ್ರಾಕ್ಷಿ ಚಪ್ಪರವಿತ್ತು. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬಳ್ಳಿ ಹಬ್ಬಿಸಿದವರು ಅಪ್ಪ ಮತ್ತು ಸೀತಾರಾಮ. ಹತ್ತಿರದ ವೈನು ಕಾರ್ಖಾನೆಯವರು ವರ್ಷವರ್ಷವೂ ಬಂದು ಕಪ್ಪು ದ್ರಾಕ್ಷಿ ಕೊಳ್ಳುತ್ತಿದ್ದರು. ಬೆಳೆದದ್ದು ವೈನಿಗೇ ಆದರೂ ಆ ಮನೆಯಲ್ಲಿ ಯಾರೂ ಅದನ್ನು ಬಾಯಿಗೆ ಮುಟ್ಟಿಸಿದವರಲ್ಲ. ಹಣ್ಣು ತಿನ್ನುತ್ತಿದ್ದರು, ಅಷ್ಟೇ. ಆ ಕಡೆಯ ಹೊಲಗಳೆಲ್ಲ ಕೈಗಾರಿಕೆಗೆ ಹೋಗುವಾಗ ಕೃಷ್ಣಮೂರ್ತಿ ಮೊದಲು ರುಜು ಹಾಕಿದ. ಹೆಂಡತಿ ತೀರಿಕೊಂಡಿದ್ದಳು, ಇದ್ದೊಬ್ಬ ಮಗ ಅಭಿಲಾಷ್ ಮದರಾಸಿನಲ್ಲಿದ್ದ. ತಮ್ಮನ ರುಜು ಬಿದ್ದ ಮೇಲೆ ಅಣ್ಣನ ಹಟ ಒಂದು ವರ್ಷಕ್ಕಿಂತ ನಡೆಯಲಿಲ್ಲ. ಕೃಷ್ಣಮೂರ್ತಿಯ ಪಾಲು ಈ ಮೂರನೇ ಮಹಡಿಯ ಮನೆಯಾಯಿತು. ಸೀತಾರಾಮ ಪೇಟೆಯಲ್ಲಿ ಒಂದು ಸೈಟು ಕೊಂಡು, ಮೂರು ಕೋಣೆ ಕಟ್ಟಿಕೊಂಡು, "ರುಜು ಹಾಕಿದ ಆ ಕೈಯಿಂದ ನಂಗೆ ನೀರೂ ಬೇಡ" ಅಂದು ಬಾಗಿಲು ಹಾಕಿಕೊಂಡ.

ಕೊನೆಯ ಬೆಳೆಯನ್ನು ಕೃಷ್ಣಮೂರ್ತಿ ತಾನೇ ಕ್ರೇಟಿಗೆ ತುಂಬಿ ಕಾರ್ಖಾನೆಗೆ ಹಾಕಿಸಿ ಬಂದಿದ್ದ. ಏಳೆಂಟು ತಿಂಗಳ ಮೇಲೆ ಹೋಗಿ ವಿಚಾರಿಸಿದಾಗ, ಅಲ್ಲಿ ಕೆಲಸಕ್ಕಿದ್ದ ಚಂದು, "ಕಡೇ ಲೋಡು ಚಿಕ್ಕ ಟ್ಯಾಂಕಿಗೆ ಒಂದೇ ಬಿದ್ದಿತ್ತು ಯಜಮಾನ್ರೇ, ಬೇರೆ ಕಲ್ಸಿಲ್ಲ," ಅಂದಿದ್ದ. ಅದು ಬಾಟಲಿಗೆ ಹೋಗುವಂಥ ಸರಕಲ್ಲ. ಬೆಳ್ಳಿ ಬಣ್ಣದ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಚೀಲಕ್ಕೊಂದು ಪುಟ್ಟ ನಲ್ಲಿ ಇಟ್ಟು, ರಟ್ಟಿನ ಡಬ್ಬದೊಳಗೆ ಕೂರಿಸಿ ಅಗ್ಗಕ್ಕೆ ಮಾರುವ ಸರಕು. ಐದೈದು ಲೀಟರಿನ ಆರು ಡಬ್ಬ ಕೊಂಡ. ಚಂದು ಮಾರ್ಕರಿನಲ್ಲಿ ಪ್ರತಿಯೊಂದರ ಮೇಲೂ 'ಕೃ.ಮೂ. ಕೊನೆ ಲೋಡು' ಎಂದು ಬರೆದುಕೊಟ್ಟ. "ವೈನು ಹಳೇದಾದಷ್ಟೂ ಬೆಲೆ," ಎಂದು ಒಂದು ಮಾತನ್ನೂ ಸೇರಿಸಿದ್ದ. ಊರಿನವರ ಬಾಯಿಂದ ಆ ಸುದ್ದಿ ಸೀತಾರಾಮನಿಗೂ ಮುಟ್ಟಿತ್ತು. ಮನೆ ಸಾಮಾನಿನ ಜೊತೆ ಹಾಸಿಗೆ ಸುರುಳಿಗಳ ನಡುವೆ ಆ ಆರು ಡಬ್ಬ ಗಡಿ ದಾಟಿ ಬಂದವು. ಹೊಸೂರು ದಾಟುವವರೆಗೂ, ಚೆಕ್‌ಪೋಸ್ಟಿನವರು ಹಿಡಿದಾರೆಂದು, ಸೊಸೆ ವಂದನಾ ಕಾರಿನಲ್ಲಿ ಉಸಿರು ಬಿಟ್ಟಿರಲಿಲ್ಲ.

ಅಂದಿನಿಂದ ಅವು ಒಳಕೋಣೆಯ ಮಂಚದ ಕೆಳಗೆ, ಗೋಣಿತಾಟು ಹೊದ್ದು ಕೂತಿದ್ದವು. ಆ ಮನೆಯಲ್ಲಿ ಎ.ಸಿ. ಇದ್ದದ್ದು ಅದೊಂದೇ ಕೋಣೆಗೆ.

ಆ ರಾತ್ರಿ ಊಟಕ್ಕೆ ಕೂತಾಗ ಕೃಷ್ಣಮೂರ್ತಿ ಹೇಳಿದ, "ಇನ್ನು ಅಣ್ಣ ಬರೋವರೆಗೂ ಹಗಲೊತ್ತೂ ಎ.ಸಿ. ಇರ್ಲಿ. ಬಿಸಿಲು ಏರ್ತಾ ಅದೆ."

ವಂದನಾ ಚಪಾತಿ ಹಾಕುತ್ತಿದ್ದವಳು ನಿಂತಳು. ನುಂಗಂಬಾಕ್ಕಂನ ವೀಸಾ ಅರ್ಜಿಯ ಆಫೀಸಿನಲ್ಲಿ ಹಗಲೆಲ್ಲ ಜನರ ಕಾಗದ ತಿದ್ದಿ, ಬಂದು ಒಲೆ ಹಚ್ಚಿದ್ದಳು. "ಹಗಲು ಆ ರೂಮಲ್ಲಿ ಯಾರಿರ್ತಾರೆ ಮಾವ?"

"ಡಬ್ಬ ಅವಲ್ಲ."

"ಕಳೆದ ಸಲದ ಕರೆಂಟು ಬಿಲ್ಲು ನೋಡಿದ್ರಲ್ಲ. ಮಗಳು ಮೌನ ಓದುವಾಗ ಕೂಡ ನಾನು ಫ್ಯಾನ್ ಸಾಕು ಅಂತೀನಿ."

"ನನ್ನ ಕಾಫಿ ಒಂದೊತ್ತಿಗೆ ನಿಲ್ಸು. ಅದರಲ್ಲಿ ಕಟ್ಟು."

"ಕಾಫಿಯಲ್ಲಿ ಎ.ಸಿ. ಓಡುತ್ತಾ ಮಾವ?" ಎಂದು ಅವಳು ನಕ್ಕಳು. ಯಾರೂ ಜೊತೆಗೆ ನಗಲಿಲ್ಲ.

ಅಭಿಲಾಷ್ ತಟ್ಟೆಯಿಂದ ತಲೆ ಎತ್ತಿರಲಿಲ್ಲ. ಅವನು ಮಣಲಿಯ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಮಿಸ್ಟು. ಬೆಳಿಗ್ಗೆ ಆರಕ್ಕೆ ಕಂಪನಿ ಬಸ್ಸು ಹತ್ತಿದರೆ ಸಂಜೆ ಎಣ್ಣೆ ವಾಸನೆಯ ಜೊತೆ ಬರುತ್ತಿದ್ದ. "ಅಪ್ಪ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಅಂದ. "ಹಳೇದಾದಷ್ಟೂ ಚೆನ್ನ ಅನ್ನೋದು ಗಾಜಿನ ಬಾಟ್ಲಿ ಮಾತು. ಅದರಲ್ಲೂ ಎಲ್ಲ ಬಾಟ್ಲಿಗೂ ಅಲ್ಲ. ಇದು ಪ್ಲಾಸ್ಟಿಕ್ ಚೀಲ. ನಿಧಾನಕ್ಕೆ ಗಾಳಿ ಒಳಗೆ ಹೋಗ್ತಾನೇ ಇರುತ್ತೆ. ಒಂದು ವರ್ಷದೊಳಗೆ ಮುಗಿಸ್ಬೇಕು ಅಂತಾನೇ ಮಾಡೋದು."

"ಡಬ್ಬದ್ ಮೇಲೇ ಪೋಟಿರುಕ್ಕು ತಾತಾ," ಅಂದಳು ಐದನೇ ಕ್ಲಾಸಿನ ಮೌನ. ಅವಳಿಗೆ ಮನೆಯವರ ಕನ್ನಡವೆಲ್ಲ ತಿಳಿಯುತ್ತಿತ್ತು. ಬಾಯಿಂದ ಬರುತ್ತಿದ್ದದ್ದು ಮಾತ್ರ ಶಾಲೆಯ ತಮಿಳು, ಇಂಗ್ಲಿಷು. "ಟ್ವೆಲ್ವ್ ಮಂತ್ಸ್."

"ಅದು ಅಂಗಡಿಯೋರಿಗೆ ಬರೆಯೋದು ಮಗ. ಬೇಗ ಮಾರ್ಲಿ ಅಂತ." ಕೃಷ್ಣಮೂರ್ತಿ ಮಗನ ಕಡೆ ತಿರುಗಿದ. "ನಮ್ಮ ಹಗೇವಿನಲ್ಲಿ ರಾಗಿ ಎಷ್ಟು ವರ್ಷ ಇರ್ತಿತ್ತು? ನೀನು ಹುಟ್ಟಿದ ವರ್ಷ ಮುಚ್ಚಿದ್ದನ್ನ ನೀನು ಸ್ಕೂಲಿಗೆ ಸೇರಿದ ವರ್ಷ ತೆಗೆದ್ವಿ. ಒಂದು ಹುಳ ಇರ್ಲಿಲ್ಲ. ಹುಣಸೆಹಣ್ಣು ಹಳೇದಾದ್ರೆ ಬಾಣಂತಿಗೆ ಕೊಡ್ತಾರೆ. ತುಪ್ಪ ಹಳೇದಾದ್ರೆ ಔಷಧಿ. ಒಳ್ಳೇ ಪದಾರ್ಥ ಕೆಡಲ್ಲ ಕಣಪ್ಪ. ಮಡಗೋದಕ್ಕೆ ಬರ್ಬೇಕು."

"ಇದು ರಾಗಿ ಅಲ್ಲ ಅಪ್ಪ."

"ನಿಂಗೆ ಹೆಂಗೆ ಗೊತ್ತು? ಕುಡಿದಿದೀಯಾ?"

ಅಭಿಲಾಷ್ ನೀರಿನ ಲೋಟ ಎತ್ತಿಕೊಂಡ. ವಂದನಾ ಗಂಡನ ಮುಖವನ್ನೊಮ್ಮೆ ನೋಡಿ, ಅಡುಗೆಮನೆಗೆ ಹೋದಳು. ಕಂಪನಿಯ ಪಾರ್ಟಿಗಳಿಂದ ಅವನು ಏಲಕ್ಕಿ ಅಗಿಯುತ್ತ ಬರುವುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಮಂಚದಿಂದ ಚಿಕ್ಕತಾಯಮ್ಮ ಹೇಳಿದಳು, "ಹಸ ಮಾರಿ ಹಗ್ಗ ಕಾಯ್ತಾ ಕೂತವ್ನೆ."

ಮೇ ತಿಂಗಳು ಕಾಲಿಟ್ಟು, ಮದರಾಸಿನವರು ಕತ್ತರಿ ಎನ್ನುವ ಉರಿಬಿಸಿಲು ಶುರುವಾಯಿತು. ಮೇಲಿನದು ಬರೀ ತಾರಸಿ, ಮಧ್ಯಾಹ್ನಕ್ಕೆ ಹಾಲಿನ ಸೂರು ಕಾವಲಿಯಾಗುತ್ತಿತ್ತು. ನಲ್ಲಿ ತಿರುಗಿಸಿದರೆ ಬಿಸಿನೀರೇ ಬರುತ್ತಿತ್ತು. ಬಾಗಿಲು ಮುಚ್ಚಿದ ಒಳಕೋಣೆಯಲ್ಲಿ ಎ.ಸಿ. ಗುಂಯ್ ಎನ್ನುತ್ತಿತ್ತು. ವಂದನಾ ಬೆಳಿಗ್ಗೆ ಹೊರಡುವಾಗ ಅದನ್ನು ಆರಿಸಿ ಹೋಗುವಳು. ಅವಳು ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಕೃಷ್ಣಮೂರ್ತಿ ಎದ್ದು ಹೋಗಿ ಹಾಕುವನು. ಸಂಜೆ ಅವಳು ಬಂದು ಗೋಡೆಯನ್ನು ಮುಟ್ಟಿ ನೋಡುವಳು, ತಣ್ಣಗಿರುತ್ತಿತ್ತು.

"ಅಜ್ಜೀನಾದ್ರೂ ಒಳಗೆ ಮಲಗಿಸಿ ಮಾವ. ಓಡೋ ಎ.ಸಿ.ಗೆ ಒಬ್ಬರಾದ್ರೂ ಮನುಷ್ಯರು ಬೇಡ್ವಾ?"

"ಕೇಳ್ದೆ. ಒಲ್ಲೆ ಅಂತಾಳೆ."

"ಅದರೊಳಗೆ ನಾನ್ ಮಲಗಕ್ಕಿಲ್ಲ," ಎಂದಳು ಚಿಕ್ಕತಾಯಮ್ಮ. ಬೆವರಿಗೆ ಅವಳ ರವಿಕೆ ಬೆನ್ನಿಗೆ ಅಂಟಿತ್ತು. "ಮೊನ್ನೆ ಕೆಳಗಿನ ಮನೆ ಮುದುಕಪ್ಪನ್ನ ಗಾಜಿನ ಪೆಟ್ಟಿಗೇಲಿ ತಣ್ಣಗೆ ಮಡಗಿದ್ರಲ್ಲ, ಅಂಗದೆ ಆ ರೂಮು. ಸತ್ತ ಮೇಲೆ ಎಂಗೂ ಹಾಕ್ತೀರಿ. ಈಗ್ಲೇ ಯಾಕೆ?"

ಪ್ರತಿ ಅಮಾವಾಸ್ಯೆಗೆ ಕೃಷ್ಣಮೂರ್ತಿ ಡಬ್ಬಗಳನ್ನು ಹೊರಗೆಳೆದು, ಒರೆಸಿ, ಮಗ್ಗುಲು ಬದಲಿಸಿ ಇಡುತ್ತಿದ್ದ. ಹುಲ್ಲಿನಲ್ಲಿಟ್ಟ ಮಾವು ಮಗುಚುವ ಹಾಗೆ. ಆ ತಿಂಗಳು ಮಗುಚುವಾಗ ಮೌನಳನ್ನು ಕರೆದು ಬರಹವನ್ನು ತೋರಿಸಿದ. "ಓದು."

"ಕೃ... ಮೂ..." ಅವಳು ಅಲ್ಲಿಗೇ ನಿಂತಳು. "ಅಪ್ಪುರಂ ತೆರಿಯಲೆ ತಾತಾ."

"ಕೊನೆ ಲೋಡು," ಎಂದು ಅವನೇ ಓದಿ ಮುಗಿಸಿದ.

ಮೇ ಮಧ್ಯದಲ್ಲಿ ಹುಣಸೂರಿನಲ್ಲಿ ವಂದನಾಳ ತಂಗಿ ನಿಖಿತಾಳ ಮದುವೆ ಬಂತು. ಚಪ್ಪರದಿಂದ ಬೀಗರೂಟದವರೆಗೆ ಎಂಟು ದಿನ. ಅಜ್ಜಿಯನ್ನು ಬಿಟ್ಟು ಹೋಗುವ ಹಾಗಿಲ್ಲ, ಎಲ್ಲರೂ ಕಾರಿನಲ್ಲಿ ಹೊರಡಬೇಕು. ಕೃಷ್ಣಮೂರ್ತಿ, "ನಾನು ಇಲ್ಲೇ ಇರ್ತೀನಿ" ಅಂದ.

"ನಮ್ಮ ಮನೆ ಮದುವೆಗೆ ನೀವು ಬರದಿದ್ರೆ ನಮ್ಮಪ್ಪ ಏನಂದ್ಕೋತಾರೆ ಮಾವ?"

"ಎಂಟು ದಿನ ಆ ರೂಮು ಮುಚ್ಚಿದ್ರೆ ಕುದ್ದೋಯ್ತದಮ್ಮ."

ವಂದನಾ ಬಹಳ ಹೊತ್ತು ಬಟ್ಟೆ ಮಡಚುತ್ತ ಇದ್ದಳು. ಕೊನೆಗೆ, "ಎ.ಸಿ. ಹಾಕಿಟ್ಟೇ ಹೋಗೋಣ ಬಿಡಿ," ಅಂದಳು. "ಬಿಲ್ಲು ನಾನು ನೋಡ್ಕೋತೀನಿ. ದೊಡ್ಡಮಾವ ಬಂದು ಹೋದ ಮೇಲೆ ಮಾತ್ರ ಈ ಕಥೆ ಮುಗೀಬೇಕು."

"ಮುಗೀತದೆ."

ಹೊರಡುವ ಬೆಳಿಗ್ಗೆ ಅಭಿಲಾಷ್ ಸೂಟ್‌ಕೇಸುಗಳನ್ನು ಇಳಿಸಿದ. ವಂದನಾ ಅಜ್ಜಿಯ ಕೈಹಿಡಿದು ಒಂದೊಂದೇ ಮೆಟ್ಟಿಲು ಇಳಿಸುತ್ತಿದ್ದಳು. ಮೌನ ಬಾಗಿಲಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ಕೃಷ್ಣಮೂರ್ತಿ ಒಳಕೋಣೆಗೆ ಹೋಗಿ ಎ.ಸಿ. ಓಡುವುದನ್ನು ನೋಡಿದ, ಮಂಚದ ಕೆಳಗೆ ಕೈಹಾಕಿ ಗೋಣಿತಾಟನ್ನು ಸರಿಮಾಡಿದ, ಬಾಗಿಲೆಳೆದ. ಅಡುಗೆಮನೆಯಲ್ಲಿ ಗ್ಯಾಸು ತಿರುಗಿಸಿದ. ಕಿಟಕಿಗಳ ಚಿಲಕ ನೋಡಿದ. ಆಮೇಲೆ ಸ್ಟೂಲು ಎಳೆದುಕೊಂಡು ಹತ್ತಿ, ಬಾಗಿಲ ಮೇಲಿನ ಮೇನ್ ಸ್ವಿಚ್ಚನ್ನು ಕೆಳಗೆಳೆದು, ಇಳಿದು, ಸ್ಟೂಲನ್ನು ಜಾಗಕ್ಕಿಟ್ಟು, ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದ. ಮೂವತ್ತು ವರ್ಷ ತೋಟದ ಪಂಪ್‌ಸೆಟ್ ಮನೆಯಿಂದ ಹೊರಡುವಾಗಲೆಲ್ಲ ಕಡೆಯದಾಗಿ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡೇ ಬಂದ ಕೈ ಅದು.

ಮದುವೆ ಚೆನ್ನಾಗಿ ಆಯಿತು. ಮರಳಿದ ಸಂಜೆ ಬೀಗ ತೆಗೆದವಳು ವಂದನಾ. ಒಳಗಿನಿಂದ ಹುಳಿ ನಾತ ಬಂದು ಮುಖಕ್ಕೆ ಹೊಡೆಯಿತು. ಫ್ರಿಜ್ಜಿನ ಕೆಳಗೆ ನೀರು ಹರಿದು ಒಣಗಿತ್ತು. ದೀಪ ಹತ್ತಲಿಲ್ಲ. ಕೃಷ್ಣಮೂರ್ತಿ ಚಪ್ಪಲಿಯಲ್ಲೇ ಒಳಕೋಣೆಗೆ ನುಗ್ಗಿದ. ಮುಚ್ಚಿದ ಕೋಣೆ ಇಟ್ಟಿಗೆ ಗೂಡಿನ ಹಾಗೆ ಕಾದಿತ್ತು. ಮಂಚದ ಕೆಳಗಿನಿಂದ ಕಪ್ಪುಗೆಂಪು ನೀರು ಹರಿದು, ಟೈಲ್ಸಿನ ಸಂದುಗಳಲ್ಲಿ ಹೆಪ್ಪುಗಟ್ಟಿ, ಇರುವೆ ಮುತ್ತಿತ್ತು. ಒಂದು ಡಬ್ಬ ಒಡೆದಿತ್ತು. ಉಳಿದ ಐದರ ರಟ್ಟು, ಉಬ್ಬರ ಬಂದ ಹಸುವಿನ ಹೊಟ್ಟೆಯ ಹಾಗೆ ನಾಲ್ಕೂ ಕಡೆ ಉಬ್ಬಿತ್ತು.

ಅಭಿಲಾಷ್ ಮೊಬೈಲಿನ ಬೆಳಕು ಹಿಡಿದು ಮೇಲೆ ನೋಡಿದ. "ಮೇನ್ ಆಫ್ ಆಗಿದೆ."

ಕೃಷ್ಣಮೂರ್ತಿ ಸೊಸೆಯ ಕಡೆ ತಿರುಗಿದ. "ಮಾಡ್ದೆ ಅಲ್ವಾ?"

"ಏನು ಮಾವ?"

"ಬಾಯಲ್ಲಿ ಆಗ್ಲಿ ಅಂದು ಕೈಯಲ್ಲಿ ಆರಿಸ್ದೆ. ಮೊದಲಿಂದ ನಿನ್ನ ಕಣ್ಣು ಅದರ ಮೇಲಿತ್ತು."

"ನಾನು ಅಜ್ಜೀನ ಇಳಿಸ್ತಾ ಇದ್ದೆ. ನಾನು ಮೇನ್ ಮುಟ್ಟಿಲ್ಲ."

"ನೆಲ ಹೋಯ್ತು, ಇದ್ದದ್ದು ಇದೊಂದು. ಅದೂ ನಿನಗೆ ಭಾರ ಆಯ್ತು."

"ಅಪ್ಪ, ಸಾಕು," ಅಂದ ಅಭಿಲಾಷ್. ವಂದನಾ ಬಕೆಟ್ಟು ತಂದು, ಸೀರೆ ಎತ್ತಿ ಕಟ್ಟಿ, ನೆಲ ಒರೆಸಲು ಕೂತಳು. ಮದುವೆಯ ಬಳೆಗಳು ಬಕೆಟ್ಟಿಗೆ ಬಡಿಯುತ್ತಿದ್ದವು. ರಾತ್ರಿ ಯಾರಿಗೂ ಊಟ ಬೇಕಿರಲಿಲ್ಲ. ಚಿಕ್ಕತಾಯಮ್ಮನಿಗೆ ಬೀಗರು ಕಟ್ಟಿಕೊಟ್ಟಿದ್ದ ಚಿರೋಟಿಯನ್ನು ಹಾಲಿಲ್ಲದೆ ಪುಡಿಮಾಡಿ ಕೊಟ್ಟರು.

ಎರಡು ದಿನ ವಂದನಾ ಮಾವನಿಗೆ ತಟ್ಟೆ ಇಟ್ಟಳು, ಎತ್ತಿದಳು, ಮಾತಾಡಲಿಲ್ಲ. ಮೂರನೇ ದಿನ ಮಧ್ಯಾಹ್ನ, ರಜೆಯಲ್ಲಿದ್ದ ಮೌನ ತಾತನ ಜೊತೆ ಚೌಕಾಬಾರ ಆಡುತ್ತ, ಕಾಯಿ ನಡೆಸುತ್ತಲೇ ಕೇಳಿದಳು, "ಅಮ್ಮಾಕಿಟ್ಟೆ ಯೇನ್ ಕೋಪಂ ತಾತಾ?"

"ಅವಳು ಮಾಡಿದ್ದು ನೋಡ್ದಲ್ಲ. ಮೇನ್ ಆರಿಸ್ಬಿಟ್ಲು."

"ಅಮ್ಮಾ ಇಲ್ಲೆ. ನೀಂಗದಾನೇ," ಎಂದು ಅವಳು ತಾತನ ಕಡೆಗೇ ಬೆರಳು ತೋರಿಸಿದಳು. "ಸ್ಟೂಲ್ ಪೋಟ್ಟು ಏರಿ ಆಫ್ ಪಣ್ಣೀಂಗ. ನಾನ್ ಪಾತ್ತೇನ್."

ಕೃಷ್ಣಮೂರ್ತಿ ಕವಡೆ ಹಿಡಿದ ಕೈ ಬಿಚ್ಚಲಿಲ್ಲ. ಬಾಗಿಲ ಮೇಲೆ ನೋಡಿದ, ಸ್ಟೂಲಿನ ಕಡೆ ನೋಡಿದ. ಮಂಚದ ಮೇಲೆ ಕಣ್ಣು ಮುಚ್ಚಿದ್ದ ಚಿಕ್ಕತಾಯಮ್ಮ ಕಣ್ಣು ತೆರೆಯದೇ ಹೇಳಿದಳು, "ಮಗು ಸುಳ್ಳಾಡಲ್ಲ."

ಆ ಸಂಜೆ ವಂದನಾ ಬರುವ ಹೊತ್ತಿಗೆ ಸಿಂಕಿನಲ್ಲಿದ್ದ ಪಾತ್ರೆ ತೊಳೆದು ಬೋರಲು ಹಾಕಿತ್ತು. ಅಕ್ಕಿ ನೆನೆದಿತ್ತು. ಕೃಷ್ಣಮೂರ್ತಿ ಅವಳ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು ತೊಳೆಯಲು ಹೋದ.

"ಇಡಿ ಮಾವ, ನಾನು ತೊಳೀತೀನಿ."

"ನಾನೇ ಕಣಮ್ಮ ಆರಿಸಿದ್ದು," ಎಂದ ಅವನು, ನಲ್ಲಿಯ ಕಡೆ ಮುಖ ಮಾಡಿ. "ಕೈ ಆರಿಸ್ಬಿಡ್ತು."

"ಗೊತ್ತು."

"ಗೊತ್ತಿದ್ದೂ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನಂಬ್ತಿದ್ರಾ?"

ಅವನು ಡಬ್ಬಿ ತೊಳೆದು ಒರೆಸಿ ಇಟ್ಟ.

ಕಾರಹುಣ್ಣಿಮೆ ಹತ್ತಿರ ಬಂತು. ಒಂದು ಭಾನುವಾರ ಅಭಿಲಾಷ್ ಅಪ್ಪನ ಪಕ್ಕ ಕೂತ. "ಹೊಸೂರಿಗೆ ಹೋಗಿ ಬರ್ತೀನಿ. ಅದೇ ಕಾರ್ಖಾನೆಯ ಹೊಸ ಡಬ್ಬ ಗಡಿಯಾಚೆ ಸಿಗುತ್ತೆ. ಒಂದು ತಂದು, ಇದರ ಮೇಲಿರೋ ಹಾಗೆ ಬರೆದಿಟ್ರಾಯ್ತು. ದೊಡ್ಡಪ್ಪಂಗೆ ಏನು ಗೊತ್ತಾಗುತ್ತೆ."

"ಒಂದು ಸಲ ರುಜು ಹಾಕಿ ಮೋಸ ಮಾಡ್ದ ಅಂತ ಅಂದವ್ನೆ. ಎರಡ್ನೇ ಸಲ ಮಾಡಕ್ಕಿಲ್ಲ," ಅಂದ ಕೃಷ್ಣಮೂರ್ತಿ. "ಐದು ಡಬ್ಬ ಒಡೆದಿಲ್ಲ. ಒಳಗಿರೋದು ಕೆಟ್ಟಿದೆ ಅಂತ ಏನು? ನೀನು ಲ್ಯಾಬಿನವನು. ನೋಡಿ ಹೇಳು. ಚೆನ್ನಾಗಿಲ್ಲ ಅಂದ್ರೆ ಅಣ್ಣಂಗೆ ಫೋನು ಮಾಡಿ ಇದ್ದದ್ದು ಇದ್ದಂಗೆ ಹೇಳ್ಬಿಡ್ತೀನಿ. ಬಿಸಿಲಿಗೆ ಹೋಯ್ತು ಅಂತ."

ಅಭಿಲಾಷ್ ಒಂದು ಡಬ್ಬ ಎತ್ತಿಕೊಂಡು ಅಡುಗೆಮನೆಗೆ ಹೋಗಿ ಸ್ಟೀಲ್ ಲೋಟಕ್ಕೆ ಎರಡು ಗುಟುಕು ಬಿಟ್ಟುಕೊಂಡ. ಮೂಗಿನ ಹತ್ತಿರ ತರುವ ಮೊದಲೇ ತಿಳಿಯಿತು. ಆದರೂ ಕುಡಿದ. ಗಂಟಲಲ್ಲಿ ಕಿಡಿ ಬಿದ್ದ ಹಾಗಾಯಿತು. ವಂದನಾ ಒಲೆಯ ಮುಂದೆ ನಿಂತು ನೋಡುತ್ತಿದ್ದಳು.

"ವಿನಿಗರ್," ಅಂದ ಅವನು ಪಿಸುದನಿಯಲ್ಲಿ.

"ಹೋಗಿ ಹೇಳಿ."

"ಹೆಂಗ್ ಗೊತ್ತಾಯ್ತು ಅಂತಾರೆ. ಅಜ್ಜಿ ಅಲ್ಲೇ ಇದ್ದಾರೆ."

"ಹೇಳಿ. ಅವರು ಫೋನ್ ಮಾಡ್ತಾರೆ, ಮುಗಿಯುತ್ತೆ."

ಅವನು ಬಾಯಿ ಮುಕ್ಕಳಿಸಿ ಹಾಲಿಗೆ ಬಂದ. ತಂದೆ, ಅಜ್ಜಿ ಇಬ್ಬರೂ ಅವನ ಬಾಯಿಯನ್ನೇ ನೋಡುತ್ತಿದ್ದರು. "ವಾಸನೆ ಪರವಾಗಿಲ್ಲ ಅಪ್ಪ," ಅಂದ. "ಚೆನ್ನಾಗೇ ಇರಬೇಕು. ನನಗೇನು ಗೊತ್ತು, ನಾನು ಕುಡಿದವನಾ."

ಅಡುಗೆಮನೆಯಲ್ಲಿ ಪಾತ್ರೆಯೊಂದು ಸದ್ದು ಮಾಡಿತು.

ಸೀತಾರಾಮ ಒಂದು ಗುರುವಾರ ಮಧ್ಯಾಹ್ನದ ರೈಲಿಗೆ ಬಂದ. ಎಪ್ಪತ್ತು ದಾಟಿದ್ದರೂ ಹೆಗಲ ಮೇಲಿನ ಅರ್ಧ ಚೀಲ ರಾಗಿಹಿಟ್ಟನ್ನು ಅಭಿಲಾಷನಿಗೆ ಕೊಡದೆ ತಾನೇ ಮೂರು ಮಹಡಿ ಹತ್ತಿದ. ತಾಯಿಯ ಮಂಚದ ಮೇಲೆ ಕೂತು ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ.

"ಬಡವಾಗಿದೀಯ ಕಣವ್ವ."

"ನೀನು ನೋಡಕ್ಕೆ ಬರ್ಲಿಲ್ಲ, ನಾನು ಬಡವಾದೆ. ಮುದ್ದೆ ತಿರುವೋಕೆ ಹೇಳು ಕಿಟ್ಟ. ಊರ ರಾಗಿ ಬಂದದೆ."

ವಂದನಾ ಮುದ್ದೆ ಮಾಡಿದಳು, ಸೊಪ್ಪಿನ ಸಾರು ಮಾಡಿದಳು. ನಾಲ್ಕು ವರ್ಷದ ಮೇಲೆ ಅಣ್ಣ ತಮ್ಮ ಎದುರುಬದುರು ಕೂತು ಉಂಡರು. ತಮಿಳರ ಸೊಪ್ಪಿನ ಹೆಸರುಗಳ ಬಗ್ಗೆ, ರೈಲಿನಲ್ಲಿ ಸಿಕ್ಕ ಕಾಫಿಯ ಬಗ್ಗೆ ಸೀತಾರಾಮ ತಮಾಷೆ ಮಾಡಿದ. ಕೃಷ್ಣಮೂರ್ತಿ ಬೇಕಾದ್ದಕ್ಕಿಂತ ಹೆಚ್ಚು ನಕ್ಕ. ತಮ್ಮನೇ ಎದ್ದು ಅಣ್ಣನಿಗೆ ಸಾರು ಬಿಟ್ಟ. ಸೀತಾರಾಮ ಬೇಡವೆನ್ನಲಿಲ್ಲ.

ಊಟವಾದ ಮೇಲೆ ಕೃಷ್ಣಮೂರ್ತಿ ಒಂದು ಡಬ್ಬವನ್ನು ಮಗುವನ್ನೆತ್ತಿದ ಹಾಗೆ ಎತ್ತಿ ತಂದು ಟೀಪಾಯಿಯ ಮೇಲಿಟ್ಟ. ಸೀತಾರಾಮ ಬರಹದ ಮೇಲೆ ಬೆರಳಾಡಿಸಿದ. "ಕಡೇ ಲೋಡು," ಅಂದ ಮೆಲ್ಲಗೆ. ಎರಡು ಲೋಟಕ್ಕೆ ನಲ್ಲಿ ತಿರುಗಿಸಿದರು. ಸೀತಾರಾಮ ಕಣ್ಣು ಮುಚ್ಚಿಕೊಂಡು ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡ. ಅವನ ಗಂಟಲು ಇಳಿಸಲಿಲ್ಲ. ಎದ್ದು ಹೋಗಿ ಸಿಂಕಿನಲ್ಲಿ ಉಗಿದು, ಬಾಯಿ ತೊಳೆದು, ಬಂದು ಕೂತ.

"ಇದು ನಮ್ದಲ್ಲ."

"ನಮ್ದೇ ಅಣ್ಣ. ಬರೆದದೆ ನೋಡು."

"ಬರೆಯೋಕೆ ಯಾರಿಗೆ ಬರಲ್ಲ? ನಲವತ್ತು ವರ್ಷ ಆ ಹಣ್ಣು ತಿಂದವ್ನು ನಾನು. ಜೇನಿದ್ದಂಗೆ ಇರ್ತಿತ್ತು. ಇದು ಯಾವುದೋ ಅಂಗಡಿ ಸರಕು ಕಣ್ಲಾ."

"ವೈನು ಹಣ್ಣಿನಂಗಿರಕ್ಕಿಲ್ವೇನೋ. ನಾನೂ ಕುಡಿದವನಲ್ಲ. ಬಿಸಿಲಿಗೆ ಒಂದೀಟು..."

"ಮೊದ್ಲು ನಮ್ದೇ ಅಂದೆ. ಈಗ ಬಿಸಿಲು ಅಂತೀಯ."

ಕೃಷ್ಣಮೂರ್ತಿ ಮಗನ ಕಡೆ ನೋಡಿದ. ಬಾಗಿಲ ಬಳಿ ನಿಂತಿದ್ದ ವಂದನಾಳೂ ಅವನನ್ನೇ ನೋಡಿದಳು. ಅಭಿಲಾಷ್ ಗಂಟಲು ಸರಿಮಾಡಿಕೊಂಡ. "ದೊಡ್ಡಪ್ಪ, ವೈನು ಹಳೇದಾಗಿ ಶಾಖ ತಗೊಂಡ್ರೆ ಹುಳಿ ಆಗುತ್ತೆ. ನಿಮ್ಮ ತೋಟದ್ದೇ ಆದ್ರೂ..."

"ನಿಂಗೆ ಹೆಂಗಪ್ಪ ಗೊತ್ತು ಅದರ ರುಚಿ?"

ಅಭಿಲಾಷ್ ಅಜ್ಜಿಯ ಕಡೆ ನೋಡಿದ. ಅಜ್ಜಿ ಅವನನ್ನೇ ನೋಡುತ್ತಿದ್ದಳು. "ಹಾಗಂತ ಓದಿದ್ದೆ," ಅಂದ.

"ಓದಿದ್ದು," ಅಂದ ಸೀತಾರಾಮ. ಲೋಟವನ್ನು ಟೀಪಾಯಿಯ ಅಂಚಿಗೆ ಸರಿಸಿದ. "ಹೋಗ್ಲಿ ಬುಡು. ನೆಲಾನೇ ಹೋಯ್ತಂತೆ."

ಮಾರನೇ ದಿನವೂ ಇರುವುದೆಂದು ಹೇಳಿ ಬಂದವನು ಬೆಳಗಿನ ರೈಲಿಗೇ ಎದ್ದ. ರಾಗಿಯ ಖಾಲಿ ಚೀಲವನ್ನು ಕೊಡವಿ, ನಾಲ್ಕು ಮಡಿಕೆ ಮಾಡಿ ಕಂಕುಳಿಗೆ ಸಿಕ್ಕಿಸಿಕೊಂಡ.

"ಉಂಡ್ಕೊಂಡು ಹೋಗ್ಲಾ ಸೀತ," ಅಂದಳು ತಾಯಿ.

"ರೈಲು ಹೊಂಟೋಯ್ತದೆ ಅವ್ವ."

"ಇನ್ನ ಬತ್ತೀಯಾ?"

ಅವನು ಅವಳ ತಲೆ ಸವರಿ ಮೆಟ್ಟಿಲಿಳಿದ. ತಮ್ಮನ ಜೊತೆ ಮಾತಾಡಲಿಲ್ಲ.

ಭಾನುವಾರ ಅಭಿಲಾಷ್ ತಾನಾಗಿಯೇ ಅಪ್ಪನ ಹತ್ತಿರ ಬಂದು ಎಲ್ಲ ಹೇಳಿದ. ಕಂಪನಿಯವರ ಜೊತೆ ಕುಡಿದದ್ದು, ಅವತ್ತು ಅಡುಗೆಮನೆಯಲ್ಲಿ ರುಚಿ ನೋಡಿದ ಕೂಡಲೇ ತಿಳಿದದ್ದು. ಕೃಷ್ಣಮೂರ್ತಿ ಬೈಯಲಿಲ್ಲ. "ಕುಡಿದ್ಯೋ ಬಿಟ್ಯೋ. ಅವತ್ತೇ ಹೇಳಿದ್ರೆ ಅಣ್ಣಂಗೆ ಫೋನಲ್ಲೇ ಹೇಳ್ತಿದ್ದೆ," ಅಂದ ಅಷ್ಟೇ.

"ಈಗ ನಾನೇ ಹೇಳ್ತೀನಿ." ಅಭಿಲಾಷ್ ಅಲ್ಲೇ ಫೋನು ಹಚ್ಚಿ, ಸ್ಪೀಕರಿಗೆ ಹಾಕಿದ. ದೊಡ್ಡಪ್ಪ ಎತ್ತಿದ. ಅಭಿಲಾಷ್ ತಾನು ಕುಡಿಯುವುದನ್ನೂ ಸೇರಿಸಿ, ಬಿಡದೆ, ಕ್ರಮವಾಗಿ ಹೇಳಿದ. ಆ ಕಡೆ ಎಲ್ಲ ಕೇಳಿಸಿಕೊಂಡ ಸೀತಾರಾಮ ಕೇಳಿದ್ದು ಒಂದೇ ಮಾತು.

"ನಿಮ್ಮಪ್ಪ ಹೇಳ್ಕೊಟ್ನಾ?"

"ಇಲ್ಲ ದೊಡ್ಡಪ್ಪ, ಸತ್ಯವಾಗ್ಲೂ..."

"ಮಗನ ಕೈಲಿ ಕುಡುಕ ಅಂತ ಹೇಳ್ಸಿಯಾದ್ರೂ ಗೆಲ್ಬೇಕಾ ಅವ್ನು. ಇಡಪ್ಪ ಫೋನು."

ಚಿಕ್ಕತಾಯಮ್ಮ ಗೋಡೆಯ ಕಡೆ ಮಗ್ಗುಲಾದಳು.

ಡಬ್ಬಗಳು ಮಂಚದ ಕೆಳಗಿನಿಂದ ಬಚ್ಚಲಿಗೆ ಬಂದವು. ಹಾಗೇ ಚೆಲ್ಲಿಬಿಡಲು ಕೃಷ್ಣಮೂರ್ತಿಗೆ ಕೈ ಬರಲಿಲ್ಲ. ಬೋರ್‌ವೆಲ್ಲಿನ ಉಪ್ಪುನೀರು ಹರಿದು ಬಚ್ಚಲ ಟೈಲ್ಸಿನ ಮೇಲೆ ವರ್ಷಗಳಿಂದ ಬಿಳಿ ಕರೆ ಕಟ್ಟಿತ್ತು. ಯಾವ ಪುಡಿಗೂ ಅದು ಹೋಗಿರಲಿಲ್ಲ. ಹುಳಿಗೆ ಹೋಗುತ್ತದೆ ಎಂದು ಅಭಿಲಾಷನೇ ಒಮ್ಮೆ ಹೇಳಿದ್ದ. ಈಗ 'ಕೊನೆ ಲೋಡು' ಡಬ್ಬವನ್ನು ಸ್ಟೂಲಿನ ಮೇಲಿಟ್ಟು, ನಲ್ಲಿಯಿಂದ ಚೊಂಬಿಗೆ ಬಿಟ್ಟುಕೊಂಡು, ತೆಂಗಿನ ನಾರಿನಲ್ಲಿ ಅವನು ದಿನಕ್ಕೊಂದು ಸಾಲು ಟೈಲ್ಸು ಉಜ್ಜತೊಡಗಿದ. ಕರೆ ಬುರುಬುರು ನೊರೆಯಾಗಿ ಬಿಟ್ಟುಕೊಂಡಿತು.

ಮೌನ ಬಾಗಿಲಲ್ಲಿ ನಿಂತು, "ಸೂಪರ್ ತಾತಾ, ಕ್ಲೀನ್ ಆಯಿಡ್ಚು," ಅಂದಳು.

ಆಫೀಸಿನಿಂದ ಬಂದ ವಂದನಾ ಚೀಲ ಇಳಿಸಿ ಒಳಕೋಣೆಗೆ ಹೋದಳು. ಗೋಡೆ ಬೆಚ್ಚಗಿತ್ತು. ಹೊರಗೆ ಬಂದು ಬಚ್ಚಲಲ್ಲಿ ಇಣುಕಿದಳು. ಟೈಲ್ಸುಗಳು ಬೆಳ್ಳಗಾಗಿದ್ದವು. ಅವುಗಳ ನಡುವಿನ ಸಿಮೆಂಟಿನ ಸಂದುಗಳು ಮಾತ್ರ ಬಣ್ಣ ಕುಡಿದು, ಕಪ್ಪು ದ್ರಾಕ್ಷಿಯ ಸಿಪ್ಪೆಯ ಹಾಗೆ ಕಂದಿದ್ದವು. ಕೃಷ್ಣಮೂರ್ತಿ ಅದರ ಮೇಲೆ ನೀರು ಹುಯ್ದ, ಉಜ್ಜಿದ, ಮತ್ತೆ ಹುಯ್ದ.

"ಅದು ಹೋಗಲ್ಲ ಮಾವ."

"ಹೂಂ," ಅಂದ ಅವನು. "ಇನ್ನೂ ಮೂರು ಡಬ್ಬ ಅವೆ."